ಮನವಿ ಬರೆದಿದ್ದು ಸಾಕು, ಈಗ ನಾಮಪತ್ರ ತುಂಬಿ: ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುವುದು ಹೇಗೆ?

ಪ್ರತಿ ಊರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬೀದಿ ದೀಪ ಕೆಟ್ಟರೆ ಪಂಚಾಯಿತಿಗೆ ಫೋನ್ ಮಾಡುವವರು. ಅಂಗನವಾಡಿ ಸೋರಿದರೆ ಫೋಟೊ ಹಿಡಿದು ತಾಲ್ಲೂಕು ಕಚೇರಿಗೆ ಹೋಗುವವರು. ಪಕ್ಕದ ಮನೆ ಅಜ್ಜಿಯ ಪಿಂಚಣಿ ನಿಂತರೆ ನಾಡಕಚೇರಿ ಮುಂದೆ ಕಾಯುವವರು. ಹುದ್ದೆ ಇಲ್ಲ, ಸಂಬಳ ಇಲ್ಲ. ಕೈಯಲ್ಲೊಂದು ಫೈಲು, ಅದರೊಳಗೆ ಸೀಲು ಬಿದ್ದ ಮನವಿ ಪತ್ರಗಳು. ಒಂದಲ್ಲ ಒಂದು ದಿನ ಯಾರಾದರೂ ಅಂದೇ ಅನ್ನುತ್ತಾರೆ: ‘ಇಷ್ಟೆಲ್ಲ ಓಡಾಡ್ತೀರಲ್ಲ, ಈ ಸಲ ನೀವೇ ನಿಂತ್ಕೊಳ್ಳಿ.’

ಧಾರಾಳವಾಗಿ ನಿಲ್ಲಬಹುದು. ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಟಿಕೆಟ್ ಬೇಕಿಲ್ಲ. ಪಕ್ಷದ ಹೆಸರು, ಚಿಹ್ನೆ ಬಳಸುವಂತೆಯೇ ಇಲ್ಲ. ಓದಿರಲೇಬೇಕು ಅನ್ನುವ ಷರತ್ತಿಲ್ಲ. 21 ವರ್ಷ ತುಂಬಿರಬೇಕು, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕು. ಒಳಗೊಳಗೆ ಪಕ್ಷಗಳು ಕೈಯಾಡಿಸುವುದು ಎಲ್ಲರಿಗೂ ಗೊತ್ತು, ಆ ಮಾತು ಬೇರೆ. ಕಾಗದದ ಮೇಲಂತೂ ಬಾಗಿಲು ತೆರೆದೇ ಇದೆ.

ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಊರ ಕೆಲಸ ಮಾಡಿದವರಿಗೆ ಓಟು ತಾನಾಗಿ ಬರುವುದಿಲ್ಲ. ‘ಒಳ್ಳೆಯವರಪ್ಪ’ ಅನ್ನುವ ಬಾಯಿ ಬೇರೆ, ಮುದ್ರೆ ಒತ್ತುವ ಕೈ ಬೇರೆ. ನೀವು ಪಿಂಚಣಿ ಮಾಡಿಸಿಕೊಟ್ಟ ಮನೆಯವರೇ ಕೊನೆಗೆ ಸೋದರಮಾವನ ಮಗನಿಗೆ ಓಟು ಹಾಕಬಹುದು. ಅದಕ್ಕೇ ಈ ಲೇಖನದಲ್ಲಿ ಭಾಷಣಕ್ಕಿಂತ ಕಾಗದಪತ್ರ, ಲೆಕ್ಕಾಚಾರದ ಮಾತೇ ಜಾಸ್ತಿ.

ಪಂಚಾಯಿತಿ ಕೈಯಲ್ಲಿ ಏನಿದೆ?

ನಿಮ್ಮ ಫೈಲಿನಲ್ಲಿರುವ ಮನವಿಗಳನ್ನೆಲ್ಲ ನೆಲದ ಮೇಲೆ ಹರಡಿ. ಎರಡು ಗುಂಪು ಮಾಡಿ. ಕುಡಿಯುವ ನೀರು ಬಿಡುವುದು, ಬೀದಿ ದೀಪ, ಚರಂಡಿ, ಕಸದ ಗಾಡಿ, ಊರೊಳಗಿನ ರಸ್ತೆ, ಮನೆ ಕಂದಾಯ, ಇ–ಸ್ವತ್ತು (ಆಸ್ತಿಯ ಡಿಜಿಟಲ್ ದಾಖಲೆ), ವಸತಿ ಯೋಜನೆಗೆ ಗ್ರಾಮಸಭೆಯಲ್ಲಿ ಫಲಾನುಭವಿಗಳ ಆಯ್ಕೆ, ಊರ ಗ್ರಂಥಾಲಯ. ಇವು ಪಂಚಾಯಿತಿಯ ಕೆಲಸ. ರೇಷನ್ ಕಾರ್ಡ್ ಆಹಾರ ಇಲಾಖೆಯದು. ಪಿಂಚಣಿ, ಪಹಣಿ ಕಂದಾಯ ಇಲಾಖೆಯವು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಿದ್ಯುತ್ ಕಂಪನಿ ಬರಬೇಕು.

ಎರಡನೇ ಗುಂಪಿನ ಕೆಲಸಗಳನ್ನು ಸದಸ್ಯರಾದ ಮೇಲೂ ನೀವು ಮನವಿ ಕೊಟ್ಟೇ ಮಾಡಿಸಬೇಕು. ಹಾಗಾಗಿ ‘ಗೆದ್ದರೆ ಎಲ್ಲರಿಗೂ ಬಿಪಿಎಲ್ ಕಾರ್ಡ್’ ಅನ್ನಬೇಡಿ. ಮೊದಲ ಗುಂಪಿನಿಂದ ಮೂರು ವಿಷಯ ಆರಿಸಿಕೊಳ್ಳಿ. ಅದರಲ್ಲಿ ನೀರು ಇರಲಿ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಬರಗಾಲದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಅಧಿಕಾರ ವಿಕೇಂದ್ರೀಕರಣದ ಬಗ್ಗೆ ಅವರು ಮಾಡಿದ್ದು ಬೆಟ್ಟದಷ್ಟಿದೆ, ಊರ ಬಾಯಲ್ಲಿ ಉಳಿದದ್ದು ನೀರು.

ಇನ್ನೊಂದು, ದುಡ್ಡು ಎಲ್ಲಿಂದ ಬರುತ್ತದೆ ಅಂತ ತಿಳಿದಿರಬೇಕು. ಉದಾಹರಣೆಗೆ, 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದನ್ನು ತೆಗೆದು ಸಿಮೆಂಟ್ ರಸ್ತೆಗೆ ಹಾಕುವಂತಿರಲಿಲ್ಲ. ನಿಮ್ಮ ಪಂಚಾಯಿತಿಗೆ ಕಳೆದ ವರ್ಷಗಳಲ್ಲಿ ಎಷ್ಟು ಬಂತು, ನಿಮ್ಮ ಬೀದಿಗೆ ಎಷ್ಟು ಖರ್ಚಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ ಸಮಯವಿದೆ. ಅಂದರೆ ಚುನಾವಣೆ ಘೋಷಣೆಯಾದ ಮೇಲೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ಎಣಿಕೆಯೇ ಮುಗಿದಿರುತ್ತದೆ. ಈಗಲೇ ಹಾಕಿ.

ಮೀಸಲಾತಿ ಪಟ್ಟಿ ಬರುವವರೆಗೆ ಫ್ಲೆಕ್ಸ್ ಕಟ್ಟಬೇಡಿ

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಅನ್ನುವುದು ಕಾನೂನಿನ ಲೆಕ್ಕ. ಜನ ಹೆಚ್ಚಿರುವ ಕ್ಷೇತ್ರಕ್ಕೆ ಎರಡು, ಮೂರು ಸ್ಥಾನವೂ ಇರುತ್ತದೆ. ನಾವು ವಾರ್ಡ್ ಅನ್ನುವುದನ್ನೇ ಸರ್ಕಾರಿ ಪತ್ರಗಳಲ್ಲಿ ಕ್ಷೇತ್ರ ಅಂತ ಬರೆದಿರುತ್ತಾರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ‘ಅ’, ‘ಬ’, ಸಾಮಾನ್ಯ ಎಂದು ಸ್ಥಾನಗಳು ಹಂಚಿಕೆಯಾಗುತ್ತವೆ. ಇವುಗಳಲ್ಲೇ ಅರ್ಧದಷ್ಟು ಮಹಿಳೆಯರಿಗೆ. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಬರುತ್ತದೆ. ಕಳೆದ ಸಲ ಸಾಮಾನ್ಯ ಇದ್ದದ್ದು ಈ ಸಲವೂ ಸಾಮಾನ್ಯವೇ ಅಂತ ನಂಬಿ ಕೂತವರು ಎಷ್ಟೋ ಜನ ಕೈಚೆಲ್ಲಿದ್ದಾರೆ.

ನಿಮ್ಮ ವಾರ್ಡ್ ನಿಮಗೆ ಒದಗದೆ ಹೋದರೆ ಪಕ್ಕದ ವಾರ್ಡಿನಲ್ಲಿ ನಿಲ್ಲಬಹುದು. ಅದೇ ಪಂಚಾಯಿತಿಯ ಮತದಾರರಾಗಿದ್ದರೆ ಸಾಕು. ಮಹಿಳೆಯರು, ಪರಿಶಿಷ್ಟರು ಸಾಮಾನ್ಯ ಸ್ಥಾನಕ್ಕೂ ನಿಲ್ಲಬಹುದು. ‘ಅದು ಗಂಡಸರ ಸೀಟು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹಾಗೊಂದು ಸೀಟೇ ಇಲ್ಲ.

ಮಹಿಳಾ ಮೀಸಲು ಬಂದಾಗ ನಡೆಯುವ ಆಟ ಗೊತ್ತೇ ಇದೆಯಲ್ವಾ? ಓಡಾಡಿದವರು ಒಬ್ಬರು, ನಾಮಪತ್ರ ಅವರ ಹೆಂಡತಿಯದು, ಕರಪತ್ರದಲ್ಲಿ ಗಂಡನ ಫೋಟೊ ಆಕೆಯದಕ್ಕಿಂತ ದೊಡ್ಡದು. ಸ್ವಸಹಾಯ ಸಂಘ ನಡೆಸಿ, ಸಾಲದ ಪುಸ್ತಕ ಬರೆದು, ಬ್ಯಾಂಕ್ ಮ್ಯಾನೇಜರ್ ಹತ್ತಿರ ವಾದ ಮಾಡಿ ಬಂದ ಹೆಂಗಸರು ಪ್ರತಿ ಬೀದಿಯಲ್ಲೂ ಇದ್ದಾರೆ. ಆ ಸೀಟು ಅವರದು. ಅಕ್ಕ, ನೀವೇ ಅಭ್ಯರ್ಥಿಯಾಗಿದ್ದರೆ ಕರಪತ್ರದಲ್ಲಿ ನಿಮ್ಮದೇ ಫೋನ್ ನಂಬರ್ ಹಾಕಿ. ಸಣ್ಣ ವಿಷಯ ಅನ್ನಿಸಬಹುದು. ಗೆದ್ದ ಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಯಾರಿಗೆ ಫೋನ್ ಮಾಡುತ್ತಾರೆ ಅನ್ನುವುದು ಅಲ್ಲೇ ತೀರ್ಮಾನವಾಗಿರುತ್ತದೆ.

ಮತದಾರರ ಪಟ್ಟಿ ಹಿಡಿದು ಕೂರಿ

ಇದು ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಹೆಚ್ಚಿನವರು ಹಾರಿಸಿಬಿಡುವ ಕೆಲಸವೂ ಇದೇ. ವಾರ್ಡಿನ ಮತದಾರರ ಪಟ್ಟಿಯ ಪ್ರತಿ ತನ್ನಿ. ನಿಮ್ಮ ಜೊತೆ ಊರು ಬಲ್ಲ ಇಬ್ಬರನ್ನು ಕೂರಿಸಿಕೊಳ್ಳಿ. ಒಬ್ಬರು ವಯಸ್ಸಾದ ಹೆಂಗಸಾಗಿದ್ದರೆ ಒಳ್ಳೆಯದು. ಯಾವ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಒಂದೊಂದೇ ಹೆಸರು ಓದಿ, ಪಕ್ಕದಲ್ಲಿ ಪೆನ್ನಿನಿಂದ ಗುರುತು ಹಾಕಿ. ತೀರಿಹೋದವರು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು. ಮಂಚ ಬಿಟ್ಟು ಏಳಲಾರದ ಹಿರಿಯರು. ಒಂದೇ ಮನೆ ನಂಬರಿನ ಕೆಳಗೆ ಹದಿನೈದು ಹೆಸರು ಕಂಡರೆ ನಿಂತು ನೋಡಿ. ಅಣ್ಣತಮ್ಮಂದಿರು ಭಾಗವಾಗಿ ನಾಲ್ಕು ಒಲೆ ಹೂಡಿರುತ್ತಾರೆ, ಪಟ್ಟಿಯಲ್ಲಿ ಮಾತ್ರ ಇನ್ನೂ ಒಂದೇ ಮನೆ. ಅಲ್ಲಿ ಒಂದು ಕರಪತ್ರ ಕೊಟ್ಟು ಬಂದರೆ ಮೂರು ಮನೆಗೆ ಮುನಿಸು.

ಇನ್ನೊಂದು ಕಾಗದದಲ್ಲಿ, ಪಟ್ಟಿಯಲ್ಲಿ ಇಲ್ಲದವರ ಹೆಸರು ಬರೆಯಿರಿ. ಹೊಸದಾಗಿ 18 ತುಂಬಿದವರು, ಊರಿಗೆ ಬಂದ ಸೊಸೆಯರು. ಪಂಚಾಯಿತಿ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯನ್ನು ಆಧರಿಸಿ. ಹಾಗಾಗಿ ಅವರೆಲ್ಲರಿಂದ ಹೆಸರು ಸೇರಿಸುವ ಅರ್ಜಿ ನಮೂನೆ 6 ತುಂಬಿಸಿ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಿಸಬೇಕು. ಚುನಾವಣೆ ಹತ್ತಿರ ಬಂದಾಗ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಕರಡು ಪಟ್ಟಿ ಪ್ರಕಟವಾದಾಗ ಹೆಸರು ಬೇರೆ ವಾರ್ಡಿಗೆ ಹಾರಿದೆಯಾ ಅಂತಲೂ ನೋಡಿ. ಇಡೀ ಬೀದಿಯೇ ಪಕ್ಕದ ವಾರ್ಡಿಗೆ ಹೋಗಿಬಿಟ್ಟಿದ್ದರೆ ಆಕ್ಷೇಪಣೆಗೆ ಅದೇ ಸಮಯ.

ಇಷ್ಟಾದ ಮೇಲೆ ಲೆಕ್ಕ ಕಣ್ಣಿಗೆ ಬೀಳುತ್ತದೆ. ಒಂದು ಸ್ಥಾನದ ವಾರ್ಡ್ ಅಂದರೆ ಮುನ್ನೂರರ ಆಸುಪಾಸು ಮತದಾರರು ಅಂದುಕೊಳ್ಳಿ. ಅದರಲ್ಲಿ ನಿಜವಾಗಿ ಬಂದು ಓಟು ಹಾಕುವವರು ಇನ್ನೂ ಕಡಿಮೆ. ಮೂವರು ನಿಂತರೆ ನೂರು ಚಿಲ್ಲರೆ ಓಟಿಗೇ ಗೆಲುವು ಸಿಗಬಹುದು. ಐದಾರು ಓಟಿನಲ್ಲಿ ಸೋತವರು, ಸಮ ಬಂದು ಲಾಟರಿಯಲ್ಲಿ ಗೆದ್ದವರು ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾರೆ. ಇಂಥ ಕಡೆ ಮೈಕು, ಮೆರವಣಿಗೆ ಎಲ್ಲ ಸುಮ್ನೆ ಖರ್ಚು. ಪ್ರತಿ ಹೆಸರೂ ಒಂದು ಮುಖ, ಅಷ್ಟು ಮುಖಗಳ ಮುಂದೆ ನೀವೇ ಹೋಗಿ ನಿಲ್ಲಬಹುದು.

ನಾಮಪತ್ರ

2020ರ ಮೊದಲ ಹಂತದ ದಿನಾಂಕಗಳನ್ನು ನೋಡಿ. ಡಿಸೆಂಬರ್ 7ಕ್ಕೆ ಅಧಿಸೂಚನೆ. ನಾಮಪತ್ರಕ್ಕೆ 11 ಕೊನೆ ದಿನ. 12ಕ್ಕೆ ಪರಿಶೀಲನೆ. 14ರವರೆಗೆ ವಾಪಸ್ ಪಡೆಯಬಹುದಿತ್ತು. 22ಕ್ಕೆ ಮತದಾನ. ಎರಡನೇ ಹಂತ 27ಕ್ಕೆ, ಎಲ್ಲದರ ಎಣಿಕೆ 30ಕ್ಕೆ. ನಾಮಪತ್ರ ಹಾಕಲು ಸಿಕ್ಕಿದ್ದು ಐದೇ ದಿನ. ಆ ಐದು ದಿನದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅಲೆಯುತ್ತೇನೆ ಅಂದರೆ ಕಷ್ಟ. ನಾಡಕಚೇರಿಯಲ್ಲಿ ಆ ವಾರ ಎಲ್ಲರದ್ದೂ ಅದೇ ಸಾಲು.

ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕಾದವು ಇಷ್ಟು. ಮತದಾರರ ಪಟ್ಟಿಯಲ್ಲಿ ನಿಮ್ಮ ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಆ ಕ್ಷೇತ್ರದ ಮತದಾರರೇ ಆಗಿರುವ ಒಬ್ಬ ಸೂಚಕರು. ಮೀಸಲು ಸ್ಥಾನವಾದರೆ ತಹಶೀಲ್ದಾರರಿಂದ ಜಾತಿ ಪ್ರಮಾಣಪತ್ರ, ಹಿಂದುಳಿದ ವರ್ಗದವರಾದರೆ ‘ಅ’ನೋ ‘ಬ’ನೋ ಸ್ಪಷ್ಟವಾಗಿ ಬರೆದಿರಬೇಕು. ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇಲ್ಲೊಂದು ತೊಡಕಿದೆ. ಜಾತಿ ನೋಡುವುದು ತಂದೆಯ ಕಡೆಯಿಂದ, ಗಂಡನ ಕಡೆಯಿಂದಲ್ಲ. ತವರಿನ ಕಾಗದಪತ್ರ ತರಿಸಬೇಕಾಗುತ್ತದೆ. ತವರು ಇನ್ನೊಂದು ಜಿಲ್ಲೆಯಲ್ಲಿದ್ದರೆ ತಿಂಗಳುಗಳ ಮುಂಚೆಯೇ ಶುರು ಮಾಡಿ.

ಪಂಚಾಯಿತಿಗೆ ಕಟ್ಟಬೇಕಾದ ಮನೆ ಕಂದಾಯ, ನೀರಿನ ಬಿಲ್ ಬಾಕಿ ಉಳಿಸಿಕೊಂಡಿರಬಾರದು. ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಪಂಚಾಯಿತಿ ಕಾಮಗಾರಿಯ ಗುತ್ತಿಗೆಯಲ್ಲಿ ಪಾಲು ಇದ್ದರೆ, ಸರ್ಕಾರಿ ಸಂಬಳದ ಹುದ್ದೆಯಲ್ಲಿದ್ದರೆ ಅನರ್ಹರಾಗುತ್ತೀರಿ. ಮನೆಯವರ ಬಳಕೆಗೆ ಶೌಚಾಲಯ ಇರಬೇಕು ಅನ್ನುವ ನಿಯಮವೂ ಇದೆ. ಠೇವಣಿ ಹೆಚ್ಚೇನಿಲ್ಲ. 2020ರಲ್ಲಿ ಸಾಮಾನ್ಯ ಅಭ್ಯರ್ಥಿಗಳಿಗೆ 200 ರೂಪಾಯಿ, ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 100 ರೂಪಾಯಿ ಇತ್ತು.

ಚುನಾವಣಾಧಿಕಾರಿ ಕೂರುವುದು ಸಾಮಾನ್ಯವಾಗಿ ಪಂಚಾಯಿತಿ ಕಚೇರಿಯಲ್ಲೇ. ಮೊದಲ ದಿನವೇ ಹೋಗಿ ಫಾರಂ ಮತ್ತು ಲಗತ್ತಿಸಬೇಕಾದ ಕಾಗದಗಳ ಪಟ್ಟಿ ತನ್ನಿ, ಎರಡನೇ ದಿನ ತುಂಬಿ ಕೊಡಿ. ಕೊನೆಯ ದಿನ ಮಧ್ಯಾಹ್ನ ಹೋದರೆ ತಪ್ಪು ತಿದ್ದಲು ಸಮಯವಿರುವುದಿಲ್ಲ. ಹೆಸರು ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಪರಿಶೀಲನೆಯ ದಿನ ನೀವೇ ಹಾಜರಿರಿ. ನಿಮ್ಮ ನಾಮಪತ್ರದ ಮೇಲೆ ಯಾರಾದರೂ ತಕರಾರು ಎತ್ತಿದರೆ ಉತ್ತರ ಕೊಡಲು ಅಲ್ಲಿ ನೀವಿರಬೇಕು.

ಚಿಹ್ನೆ ಸಿಗುವುದು ವಾಪಸ್ ಪಡೆಯುವ ಗಡುವು ಮುಗಿದ ಮೇಲೆ. ರಾಜ್ಯ ಚುನಾವಣಾ ಆಯೋಗದ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಆರಿಸಿಕೊಳ್ಳಬೇಕು. ಬಾಯಲ್ಲಿ ಸುಲಭವಾಗಿ ಹೇಳಬಹುದಾದ್ದು, ಕಣ್ಣು ಮಂಜಾದ ಅಜ್ಜನಿಗೂ ಗುರುತು ಸಿಗುವಂಥದ್ದು ಆರಿಸಿ.

‘ಅವಿರೋಧ ಮಾಡಿಬಿಡೋಣ’

ವಾಪಸ್ ಪಡೆಯುವ ದಿನಗಳಲ್ಲಿ ನಿಮ್ಮ ಮನೆಗೆ ಹಿರಿಯರು ಬರುತ್ತಾರೆ. ಕಾಫಿ ಕುಡಿಯುತ್ತಾರೆ. ‘ಊರಲ್ಲಿ ಜಗಳ ಯಾಕೆ, ಮುಂದಿನ ಸಲ ನೀನೇ ಆಗುವೆಯಂತೆ’ ಅನ್ನುತ್ತಾರೆ. 2020ರಲ್ಲಿ ರಾಜ್ಯದಲ್ಲಿ ಸುಮಾರು 8 ಸಾವಿರ ಸದಸ್ಯರು ಅವಿರೋಧವಾಗಿ ಆಯ್ಕೆಯಾದರು. ಎಲ್ಲವೂ ಕೆಟ್ಟದ್ದಲ್ಲ, ಒಳ್ಳೆಯವರನ್ನು ಊರು ಒಮ್ಮತದಿಂದ ಆರಿಸಿದ್ದೂ ಉಂಟು. ಆದರೆ ಅದೇ ಸಲ ಕೆಲವು ಕಡೆ ಸ್ಥಾನಗಳನ್ನು ಲಕ್ಷಗಟ್ಟಲೆಗೆ ಹರಾಜು ಹಾಕಿದ ಸುದ್ದಿ ಬಂತು. ಅಂಥವರ ಮೇಲೆ ಪ್ರಕರಣ ದಾಖಲಿಸುವಂತೆ ರಾಜ್ಯ ಚುನಾವಣಾ ಆಯೋಗ ಸೂಚಿಸಿತು. ದೇವಸ್ಥಾನಕ್ಕೆ ದುಡ್ಡು ಕೊಟ್ಟರೂ ಹರಾಜು ಹರಾಜೇ. ‘ದೇವರ ಕೆಲಸಕ್ಕಲ್ವಾ’ ಅನ್ನುವ ಮಾತಿಗೆ ಮರುಳಾಗಬೇಡಿ. ನಾಲ್ಕು ಲಕ್ಷ ಹೂಡಿ ಬಂದವರು ಅದನ್ನು ನಿಮ್ಮ ಚರಂಡಿಯಿಂದಲೇ ಎತ್ತುತ್ತಾರೆ.

ಹಿರಿಯರಿಗೆ ಮುಖ ಮುರಿಯುವಂತೆ ಮಾತಾಡಬೇಕಿಲ್ಲ. ‘ಓಟು ಆಗಲಿ ಬಿಡಿ ಗೌಡ್ರೇ, ಗೆದ್ದವರ ಜೊತೆ ನಾನೂ ಇರ್ತೀನಿ’ ಅಂದರೆ ಸಾಕು. ಮನೆಯವರನ್ನು ಮಾತ್ರ ಮೊದಲೇ ಒಪ್ಪಿಸಿಕೊಂಡಿರಿ. ಒತ್ತಡ ಬರುವುದು ನಿಮ್ಮ ಮೇಲಲ್ಲ, ಅಣ್ಣನ ಮೇಲೆ, ಮಾವನ ಮೇಲೆ, ಡೇರಿಯಲ್ಲಿ ಹಾಲು ಹಾಕುವ ಅತ್ತಿಗೆಯ ಮೇಲೆ.

ಏಳೆಂಟು ದಿನದ ಪ್ರಚಾರ

ವಾಪಸ್ ಗಡುವಿನಿಂದ ಮತದಾನಕ್ಕೆ 2020ರಲ್ಲಿ ಸಿಕ್ಕಿದ್ದು ಸುಮಾರು ಒಂದು ವಾರ. ಗುರುತು ಹಾಕಿದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಮನೆಗೆ ಎರಡು ಸಲ ಹೋಗುವಂತೆ ದಿನಗಳನ್ನು ಹಂಚಿಕೊಳ್ಳಿ. ಕೂಲಿಗೆ ಹೋಗುವವರು ಸಿಗುವುದು ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸಂಜೆ ದೀಪ ಹಚ್ಚಿದ ಮೇಲೆ. ಮೊದಲ ಭೇಟಿಯಲ್ಲಿ ಕೇಳಿ, ಬರೆದುಕೊಳ್ಳಿ. ಎರಡನೆಯದರಲ್ಲಿ ಚಿಹ್ನೆ ತೋರಿಸಿ.

ಕರಪತ್ರ ಒಂದೇ ಪುಟ ಇರಲಿ. ಮುದ್ರಕರ, ಪ್ರಕಾಶಕರ ಹೆಸರು ಹಾಕಿಸುವುದು ಮರೆಯಬೇಡಿ. ‘ಅಭಿವೃದ್ಧಿಯೇ ನನ್ನ ಗುರಿ’ ಅನ್ನುವ ಸಾಲು ಎಲ್ಲರ ಕರಪತ್ರದಲ್ಲೂ ಇರುತ್ತದೆ, ಓದುವವರು ಯಾರೂ ಇಲ್ಲ. ಅದರ ಬದಲು ಹೀಗೆ ಬರೆಯಿರಿ: ‘ಕೆಳಗಿನ ಬೀದಿಗೆ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಬೋರ್ಡ್ ಹಾಕಿಸುತ್ತೇನೆ. ನೀರುಗಂಟಿಯ ಫೋನ್ ನಂಬರ್ ಅದರಲ್ಲಿರುತ್ತದೆ. ಪ್ರತಿ ವಾರ್ಡ್ ಸಭೆಗೆ ಮುಂಚೆ ಡಂಗೂರ ಹೊಡೆಸುತ್ತೇನೆ.’ ಇಂಥದ್ದಕ್ಕೆ ಅನುದಾನವೂ ಬೇಕಿಲ್ಲ, ಮಾಡದಿದ್ದರೆ ಜನ ಕೇಳಲೂಬಹುದು. ಹಳೆಯ ಮನವಿಗಳ ಪೈಕಿ ಕೆಲಸ ಆಗಿದ್ದು ಒಂದೆರಡು ಹೇಳಿ, ಸಾಕು. ಯಾರಿಗೆ ಯಾವ ಪಿಂಚಣಿ ಮಾಡಿಸಿಕೊಟ್ಟೆ ಅಂತ ಹೆಸರು ಹಿಡಿದು ಹೇಳಬೇಡಿ. ಅವರ ಮಾನ ತೆಗೆದ ಹಾಗಾಗುತ್ತದೆ, ಇದ್ದ ಓಟೂ ಹೋಗುತ್ತದೆ.

ದುಡ್ಡು, ಹೆಂಡ, ಸೀರೆ ಹಂಚುವವರು ಹಂಚುತ್ತಾರೆ. ಆ ಪೈಪೋಟಿಗೆ ಇಳಿದರೆ ನೀವು ಸೋಲುವುದು ಖಂಡಿತ, ಅವರ ಹತ್ತಿರ ಜಾಸ್ತಿ ಇರುತ್ತದೆ. ಹಂಚುವುದು ಕಂಡರೆ ವಿಡಿಯೊ ಸಮೇತ ಚುನಾವಣಾಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಅದು ನಿಮಗೆ ಅಭ್ಯಾಸವಾದ ಕೆಲಸವೇ ಅಲ್ವಾ?

ಎರಡು, ಮೂರು ಸ್ಥಾನದ ವಾರ್ಡಿನಲ್ಲಿ ಮತದಾರರಿಗೆ ಅಷ್ಟೇ ಓಟುಗಳು ಇರುತ್ತವೆ. ಒಬ್ಬ ಅಭ್ಯರ್ಥಿಗೆ ಒಂದೇ ಓಟು. ಇಲ್ಲಿ ಬೇರೆ ಸ್ಥಾನಕ್ಕೆ ನಿಂತ ಸಮಾನ ಮನಸ್ಕರ ಜೊತೆ ಸೇರಿ ಓಟು ಕೇಳುವುದು ಲಾಭ. ಜೊತೆಗಾರರು ಕೊನೆಯ ರಾತ್ರಿ ‘ನನಗೊಂದೇ ಹಾಕಿ, ಉಳಿದದ್ದು ಬಿಟ್ಟುಬಿಡಿ’ ಅಂತ ಒಳಗೊಳಗೆ ಹೇಳಿ ಬರುವುದೂ ನಡೆಯುತ್ತದೆ. ಕಾನೂನು ಪ್ರಕಾರ ಅದು ತಪ್ಪೇನಲ್ಲ. ಸ್ನೇಹದ ಪ್ರಕಾರ ತಪ್ಪು.

ಮುದ್ರೆ, ಮಡಿಕೆ, ಎಣಿಕೆ

2020ರಲ್ಲಿ ಬೀದರ್ ಜಿಲ್ಲೆ ಬಿಟ್ಟು ಉಳಿದೆಡೆ ಮತಪತ್ರವೇ ಇತ್ತು. ಮತಪತ್ರ ಅಂದರೆ ಕುಲಗೆಟ್ಟ ಓಟಿನ ಭಯ ಇದ್ದದ್ದೇ. ಎರಡು ಚಿಹ್ನೆಗಳ ನಡುವೆ ಗೆರೆಯ ಮೇಲೆ ಒತ್ತಿದರೆ, ಮುದ್ರೆ ಬಿಟ್ಟು ಹೆಬ್ಬೆಟ್ಟು ಹಾಕಿದರೆ ಓಟು ವ್ಯರ್ಥ. ಮನೆಮನೆಗೆ ಹೋದಾಗ ಒಂದು ಮಾದರಿ ಕಾಗದ ತೋರಿಸಿ, ನಿಮ್ಮ ಚಿಹ್ನೆಯ ಮೇಲೆ ಒತ್ತಿ, ಸರಿಯಾಗಿ ಮಡಚುವುದು ಹೇಗೆ ಅಂತ ಹೇಳಿಕೊಡಿ.

ಮಡಚುವಾಗ ಹಸಿ ಶಾಯಿ ಎದುರಿನ ಚಿಹ್ನೆಗೂ ಅಂಟಿತು ಅಂದುಕೊಳ್ಳಿ. ಆ ಓಟು ಕೆಟ್ಟಿತು ಅಂತ ಎದುರಾಳಿಯ ಏಜೆಂಟ್ ಕೂಗುತ್ತಾರೆ. ಬಾಣದ ಗುರುತಿನ ಮುದ್ರೆ ಮಾಡಿರುವುದೇ ಇದಕ್ಕೆ. ಅದರ ಬಾಣಗಳು ಒಂದು ದಿಕ್ಕಿಗೆ ತಿರುಗಿರುತ್ತವೆ, ಅಂಟಿದ ಗುರುತಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಅಂತ ಗೊತ್ತಾಗುತ್ತದೆ. ಎಣಿಕೆಗೆ ಕಳಿಸುವ ಏಜೆಂಟರಿಗೆ ಇದನ್ನು ಮೊದಲೇ ತೋರಿಸಿಕೊಟ್ಟಿರಿ. ಐದು ಓಟಿನ ಸೋಲು ಗೆಲುವಿನಲ್ಲಿ ಇಂಥ ಎರಡು ಕಾಗದ ಸಾಕು. ಏಜೆಂಟ್ ಆಗಿ ಜೋರು ಬಾಯಿಯವರನ್ನು ಕಳಿಸಬೇಡಿ, ಕಣ್ಣು ಚುರುಕಿರುವವರನ್ನು ಕಳಿಸಿ. ಅಂತರ ಕಡಿಮೆ ಇದ್ದರೆ ಮರುಎಣಿಕೆ ಕೇಳುವುದಿದ್ದರೆ ಫಲಿತಾಂಶ ಘೋಷಿಸುವ ಮುಂಚೆಯೇ, ಬರವಣಿಗೆಯಲ್ಲಿ ಕೇಳಿ.

ಫಲಿತಾಂಶದ ನಂತರ

ಸೋತರೆ ಗ್ರಾಮಸಭೆ, ವಾರ್ಡ್ ಸಭೆ, ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿ ಎಲ್ಲೂ ಹೋಗಿಲ್ಲ. ಜಮಾಬಂದಿಯಲ್ಲಿ ಪಂಚಾಯಿತಿಯ ಲೆಕ್ಕಪತ್ರ ಎಲ್ಲರ ಮುಂದೆ ಇಡಬೇಕು, ಯಾವ ಮತದಾರರಾದರೂ ಪ್ರಶ್ನೆ ಕೇಳಬಹುದು. ನಿಮ್ಮ ಹತ್ತಿರ ಈಗ ಇಡೀ ವಾರ್ಡಿನ ದೂರುಗಳ ಪಟ್ಟಿ ಇದೆ. ಸದಸ್ಯರೊಬ್ಬರು ರಾಜೀನಾಮೆ ಕೊಟ್ಟರೆ, ತೀರಿಕೊಂಡರೆ ಉಪಚುನಾವಣೆಯೂ ಬರುತ್ತದೆ.

ಗೆದ್ದರೆ ಮೊದಲ ಪರೀಕ್ಷೆ ಅಧ್ಯಕ್ಷರ ಆಯ್ಕೆ. ಅಧ್ಯಕ್ಷ, ಉಪಾಧ್ಯಕ್ಷರನ್ನು ಸದಸ್ಯರೇ ಆರಿಸಬೇಕು, ಅವಧಿ 30 ತಿಂಗಳು. ಆಗ ಅಧ್ಯಕ್ಷರಾಗಬೇಕು ಅನ್ನುವವರು ಕಳಿಸಿದ ಒಂದು ಟೆಂಪೊ ಟ್ರಾವೆಲರ್ ನಿಮ್ಮ ಮನೆ ಮುಂದೆ ನಿಲ್ಲುತ್ತದೆ. ಧರ್ಮಸ್ಥಳ, ಗೋವಾ, ರೆಸಾರ್ಟ್, ಎಲ್ಲಿಗೆ ಬೇಕಾದರೂ. ಹತ್ತದಿದ್ದರೆ ‘ಅವರ ಕಡೆಯವನು’ ಅನ್ನುತ್ತಾರೆ. ಅನ್ನಲಿ. ಬೆಂಬಲ ಕೊಡುವ ಮುಂಚೆ ನಿಮ್ಮ ಮೂರು ವಿಷಯಗಳನ್ನು ಮುಂದಿಟ್ಟು ಮಾತಾಡಿ. ಸದಸ್ಯರ ಗೌರವಧನ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಓಡಾಟದ ಪೆಟ್ರೋಲಿಗೂ ಸಾಲದು, ಅದನ್ನು ಮನೆಯವರಿಗೆ ಮೊದಲೇ ಹೇಳಿರಿ.

ಸಭೆಗಳ ವಿಷಯದಲ್ಲಿ ಒಂದು ಜಾಗ್ರತೆ. ಪಂಚಾಯಿತಿ ಸಭೆಯ ತೀರ್ಮಾನಗಳನ್ನು ಬರೆಯುವುದು ನಡಾವಳಿ ಪುಸ್ತಕದಲ್ಲಿ. ಬಿಲ್ ಪಾಸಾಗುವುದು, ಮನೆ ಹಂಚುವುದು, ಕಾಮಗಾರಿ ಬದಲಾಗುವುದು ಎಲ್ಲ ಅದರ ಮೇಲೆಯೇ. ಕೆಲವು ಕಡೆ ಸಭೆಯಲ್ಲಿ ಬರೀ ಹಾಜರಿಗೆ ಸಹಿ ಹಾಕಿಸಿಕೊಂಡು, ತೀರ್ಮಾನ ಆಮೇಲೆ ಬರೆದುಕೊಳ್ಳುತ್ತಾರೆ. ಇನ್ನು ಕೆಲವು ಕಡೆ ಬಿಲ್ ಕಲೆಕ್ಟರ್ ಪುಸ್ತಕವನ್ನೇ ಬೈಕಿನಲ್ಲಿ ತಂದು, ‘ಒಂದು ಸಹಿ ಹಾಕಿಬಿಡಿ ಸಾರ್, ಉಳಿದವರದ್ದೆಲ್ಲ ಆಯ್ತು’ ಅನ್ನುತ್ತಾರೆ. ಹಾಕಬೇಡಿ. ಸಭೆಯಲ್ಲೇ ಓದಿಸಿ ಕೇಳಿ, ಕೊನೆಯ ಸಾಲಿನ ಕೆಳಗೆ ಖಾಲಿ ಜಾಗವಿದ್ದರೆ ಅಡ್ಡ ಗೆರೆ ಎಳೆದು ಸಹಿ ಮಾಡಿ, ಪಕ್ಕದಲ್ಲಿ ತಾರೀಖು ಬರೆಯಿರಿ, ಮೊಬೈಲಿನಲ್ಲಿ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.